ಸುಮಂಗಲಾ ಅವರ ಪಿಕಪ್‌ಗೆ ಬ್ರೇಕ್ ಬೂಸ್ಟರ್

೨೦೧೪. ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿ ಹಳೆಯ ಗಾಡಿಗಳ ಗ್ಯಾರೇಜ್ ನಡೆಸುತ್ತಿದ್ದೆ. ಮಾಲೀಕ, ಮೆಕ್ಯಾನಿಕ್, ಕಸ ಗುಡಿಸುವವನು ಎಂಬ ಮೂರು ಹುದ್ದೆಗಳನ್ನೂ ಏಕಕಾಲಕ್ಕೆ ಅಲಂಕರಿಸಿದ್ದೆ.

ಆಗಸ್ಟ್‌ನಲ್ಲಿ ಹತ್ತಿರದ ಪ್ರಾಸ್ಪರ್ ಊರಿನಿಂದ ಧಾರವಾಡ ಮೂಲದ ಸುಮಂಗಲಾ, ಪತಿ ಶಿವಾನಂದರೊಡನೆ ೧೯೬೨ರ ಪಿಕಪ್ ತಂದರು. ನರಗಳ ಕಾಯಿಲೆಯಿಂದ ಆಕೆಯ ಬಲಗಾಲು ದಿನೇ ದಿನೇ ಸೋಲುತ್ತಿತ್ತು. ಆ ಗಾಡಿಯ ಬ್ರೇಕೋ ಪೈಲ್ವಾನನ ಕಾಲನ್ನೇ ಬೇಡುವಂಥದು.

"ಮಾರಿಬಿಡು ಅಂದ್ರ ಕೇಳೂದಿಲ್ರಿ," ಎಂದರು ಶಿವಾನಂದ.

"ಇನ್ನೊಮ್ಮೆ ನಾನ ಮನೀತನಕಾ ನಡಸಬೇಕ್ರಿ, ಮೂರ್ತಿಯವರ," ಎಂದು ಸುಮಂಗಲಾ ನನ್ನತ್ತ ತಿರುಗಿದರು. "ಆಮ್ಯಾಲೆ ಬೇಕಾದ್ರ ಮಾರ್ಲಿ."

ಬ್ರೇಕಿಗೆ ಬೂಸ್ಟರ್ ಕೂರಿಸಿಕೊಡಲು ಒಪ್ಪಿಕೊಂಡೆ. ಬೂಸ್ಟರ್ ಎಂದರೆ ಪೆಡಲ್‌ಗೂ, ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್‌ಗೂ ನಡುವೆ ಕೂರುವ ದಪ್ಪ ಡಬ್ಬಿ. ಎಂಜಿನ್ ಗಾಳಿ ಹೀರುವಾಗಿನ ಸೆಳೆತವನ್ನು, ಅಂದರೆ ವ್ಯಾಕ್ಯೂಮನ್ನು, ಬಳಸಿ ಕಾಲಿನ ಒತ್ತಡವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಒಳಗಿನ ಪುಶ್‌ರಾಡ್ ಎಂಬ ಸರಳು ಕೂದಲೆಳೆಯಷ್ಟು ಉದ್ದವಾದರೆ ಬ್ರೇಕ್ ಬಿಡುವುದಿಲ್ಲ. ಗಿಡ್ಡವಾದರೆ ಪೆಡಲ್ ಪಾತಾಳಕ್ಕೆ ಹೋಗುತ್ತದೆ.

ಸೆಪ್ಟೆಂಬರ್ ಎರಡನೇ ವಾರ ಕೆಲಸ ಮುಗಿಯಿತು. ಪರೀಕ್ಷೆ ಸರಳ: ಎಂಜಿನ್ ಆಫ್ ಮಾಡಿ ಪೆಡಲ್ ನಾಲ್ಕಾರು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಬೇಕು. ಬೂಸ್ಟರ್ ಸರಿಯಿದ್ದರೆ ಪೆಡಲ್ ಕಾಲಡಿ ತುಸು ಕುಸಿಯುತ್ತದೆ. ಸುಮಂಗಲಾ ಅವರೇ ಕುಳಿತು ಮಾಡಿದರು.

"ಅಯ್ಯ, ತಾನ ಇಳೀತಲ್ರಿ!" ಎಂದು ನಕ್ಕರು.

"ಹಾಗಾದ್ರೆ ಈಗಲೇ ತಗೊಂಡು ಹೋಗಿ," ಎಂದೆ.

ಶಿವಾನಂದ ಫೋನಿನಲ್ಲಿ ಪಂಚಾಂಗ ತೆರೆದರು. "ಪಿತೃಪಕ್ಷ ನಡದದರಿ. ಹೊಸಾದೇನೂ ಒಯ್ಯೂದು ಬ್ಯಾಡ. ಆಯುಧಪೂಜಿ ದಿನಾನ ಬರ್ತೀವಿ."

"ಈ ಗಾಡಿನ ನಮ್ಮ ಹಿರಿಯರ ವಯಸ್ಸಿಂದು. ಎಡಿ ಇಟ್ಟು ಕರ್ಕೊಂಡು ಹೋಗೂಣು ಬರ್ರಿ!" ಎಂದರು ಸುಮಂಗಲಾ. ಮೂವರೂ ನಕ್ಕೆವು. ಪಂಚಾಂಗವೇ ಗೆದ್ದಿತು.

ಮೂರು ವಾರ ಕಳೆದು ಆಯುಧಪೂಜೆಯ ದಿನ ಸ್ಪ್ಯಾನರ್‌ಗಳಿಗೆ ಕುಂಕುಮ, ಪಿಕಪ್‌ಗೆ ಚೆಂಡುಹೂವಿನ ಹಾರ, ಚಕ್ರಗಳಡಿ ನಿಂಬೆಹಣ್ಣು; ರಾಜಮರ್ಯಾದೆಗೆ ಏನೂ ಕಡಿಮೆಯಿರಲಿಲ್ಲ. ಸುಮಂಗಲಾ ವೀಲ್‌ಚೇರ್‌ನಲ್ಲಿ ಬಂದರು. ಎತ್ತಿ ಸೀಟಿನಲ್ಲಿ ಕೂರಿಸಿದೆವು. ಬಲಗಾಲು ಆಕ್ಸಿಲರೇಟರ್ ಮೇಲೆ ಬಿದ್ದುಕೊಂಡಿತ್ತು; ಬ್ರೇಕಿನತ್ತ ಸರಿಯಲಿಲ್ಲ.

"ಏಳವ್ವ, ಏಳು," ಎಂದು ಮಗುವನ್ನು ಎಬ್ಬಿಸುವಂತೆ ತೊಡೆ ತಟ್ಟಿದರು. ಮತ್ತೊಮ್ಮೆ ತಟ್ಟಿದರು. ಆಮೇಲೆ ಕೈಯೂರಿಕೊಂಡು ಉದ್ದ ಸೀಟಿನ ಆಚೆ ತುದಿಗೆ ಜರುಗಿದರು.

"ನೀವ ನಡಸ್ರಿ," ಎಂದರು ಗಂಡನಿಗೆ.

ನಿಂಬೆಹಣ್ಣುಗಳು ಚಕ್ರದಡಿ ಒಡೆದವು. ಗೇಟಿನಲ್ಲಿ ಬ್ರೇಕ್ ಒತ್ತಿದೊಡನೆ ಗಾಡಿ ಒಂದಿಷ್ಟೂ ಜಗ್ಗದೆ ನಿಂತಿತು. ಕಿಟಕಿಯಿಂದ ಆಕೆ ಕೂಗಿದರು: "ಚೊಲೋ ನಿಂದರತದ ನೋಡ್ರಿ, ಮೂರ್ತಿಯವರ!"

ರಸ್ತೆ ಖಾಲಿಯಿದ್ದರೂ ಶಿವಾನಂದ ಬಹಳ ಹೊತ್ತು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

ಬೂಸ್ಟರ್ ಇರುವ ಬಲವನ್ನು ಹೆಚ್ಚಿಸುತ್ತದೆ, ಇಲ್ಲದ್ದನ್ನು ತಂದುಕೊಡುವುದಿಲ್ಲ. ನನಗೆ ಇದು ಗೊತ್ತಿದ್ದ ಯಂತ್ರಶಾಸ್ತ್ರವೇ. ಅಂದಿನಿಂದ ನಿವೃತ್ತನಾಗುವವರೆಗೂ, ಕೆಲಸ ಮುಗಿದ ಗಾಡಿಯ ಕೀಲಿಕೈಯನ್ನು ಗಿರಾಕಿ ಪಂಚಾಂಗ ತೆರೆಯುವ ಮುಂಚೆಯೇ ಅವರ ಕೈಗಿಟ್ಟುಬಿಡುತ್ತಿದ್ದೆ.