ತೆರೆ ಮುಟ್ಟಿದ ಚೆಂಡು

ಫುಟ್‌ಬಾಲ್ ವಿಶ್ವಕಪ್ ಎಂದರೆ ನಮಗೆ ಮಳೆಗಾಲ. ಜೂನ್ ತಿಂಗಳಲ್ಲಿ ನಮ್ಮೂರು ಬೆಳಂಬಾರದ ಸಮುದ್ರ ಬೊಬ್ಬೆ ಹೊಡೆಯುತ್ತಿರುತ್ತದೆ, ದೋಣಿಗಳೆಲ್ಲ ಮೇಲೆ ಬಂದು ತಾಡಪತ್ರಿ ಹೊದ್ದು ಮಲಗಿರುತ್ತವೆ, ಆಡಲು ದಂಡೆಯೇ ಇರುವುದಿಲ್ಲ. ಮನೆಯೊಳಗೆ ಕೂತು ದೂರದ ದೇಶದವರ ಆಟ ನೋಡುವುದು, ಕರೆಂಟ್ ಹೋದರೆ ಬಯ್ಯುವುದು, ಇಷ್ಟೇ. ಆ ಸಲ ಕತಾರಿನ ಬಿಸಿಲಿಗೆ ಹೆದರಿ ಅದನ್ನು ನವೆಂಬರಿಗೆ ತಂದಿಟ್ಟರು ನೋಡಿ, ನಮ್ಮ ಲೆಕ್ಕವೆಲ್ಲ ತಲೆಕೆಳಗಾಯಿತು. ಮಳೆ ಹೋಗಿ ಮರಳು ಗಟ್ಟಿಯಾಗುವ ನವೆಂಬರ್, ಡಿಸೆಂಬರ್ ನಮ್ಮ ಆಟದ ಕಾಲ. ಅವರದೂ ನಮ್ಮದೂ ಒಂದೇ ಹೊತ್ತಿಗೆ ಬಿತ್ತು. ಬಾಳೆಗುಳಿ ಕ್ರಾಸಿನ ಚಾದಂಗಡಿಯ ಮೇಲೆ ಅರ್ಜೆಂಟೀನಾ ಬಾವುಟ, ಎದುರಿನ ಪಂಕ್ಚರ್ ಅಂಗಡಿಯ ಮೇಲೆ ಬ್ರೆಜಿಲ್ ಬಾವುಟ. ನಾನು ದಿನಾ ಕಾರವಾರದ ಆಫೀಸಿಗೆ ಹೋಗುವ ಬಸ್ಸಿನ ಕಂಡಕ್ಟರ್ ಪೋರ್ಚುಗಲ್ ಕಡೆಯವನು, ಬೇರೆ ತಂಡದ ಕಡೆಯವರಿಗೆ ಚಿಲ್ಲರೆ ಕೊಡುವಾಗಲೂ ಮುಖ ಗಂಟು ಹಾಕುತ್ತಿದ್ದ.

ನಾನು ಆಫೀಸಿನಲ್ಲಿ ಗುಮಾಸ್ತ, ರಜೆಯ ದಿನ ರೆಫರಿ. ಪರೀಕ್ಷೆ ಪಾಸು ಮಾಡಿದ ರೆಫರಿ ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಸ್ವಲ್ಪ ದೊಡ್ಡಸ್ತಿಕೆಯೂ ಇತ್ತು. ನನ್ನ ತಮ್ಮ ನಮ್ಮೂರ ತಂಡದ ಕೀಪರ್. ಅಪ್ಪ ಹೋದ ಮೇಲೆ ಅವನಿಗೆ ಅಪ್ಪ, ಮಾಸ್ತರ ಎಲ್ಲ ನಾನೇ. ಸಣ್ಣವನಿದ್ದಾಗ ನಾನು ಹೊಡೆದ ಚೆಂಡು ಹಿಡಿದೇ ಅವನು ಕೀಪರ್ ಆದದ್ದು. ಆಗೆಲ್ಲ ಗೋಲಾಯಿತೋ ಇಲ್ಲವೋ ಎಂದು ಜಗಳ ಬಂದರೆ ಅವನು ಕೊನೆಗೆ ಕೇಳುತ್ತಿದ್ದದ್ದು ನನ್ನನ್ನೇ.

ಆ ಡಿಸೆಂಬರಿನಲ್ಲಿ ಅವನ ಬದುಕು ಒಂದು ಆಟದ ಮೇಲೆ ನಿಂತಿತ್ತು. ಮಡಗಾವಿನ ಒಂದು ಕ್ಲಬ್ಬಿನ ಕೋಚ್ ಅವನ ಆಟವನ್ನು ಕಾರವಾರದಲ್ಲಿ ಒಮ್ಮೆ ನೋಡಿದ್ದ. "ಇನ್ನೊಂದ್ ಸಲ ನೋಡ್ತೆ, ಸರಿ ಕಂಡ್ರೆ ಕರ್ಕೊಂಡ್ ಹೋಗ್ತೆ" ಎಂದಿದ್ದ. ಸಂಬಳ, ಊಟ, ಉಳಿಯಲು ಕೋಣೆ. ಮುಂದಿನ ವರ್ಷವಾದರೆ ವಯಸ್ಸು ಮೀರುತ್ತದೆ, ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿದ್ದ. ನೋಡಲು ಬರುತ್ತೇನೆ ಎಂದದ್ದು ನಮ್ಮೂರ ದಂಡೆಯ ಫೈನಲ್ಲಿಗೆ. ತಮ್ಮ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆಯಿ ಬಂಗಡೆ ಹುರಿದಿಟ್ಟರೂ ಬೆರಳಿನಿಂದ ಅತ್ತಿತ್ತ ಸರಿಸಿ ಏಳುತ್ತಿದ್ದ.

ನಮ್ಮ ದಂಡೆಯಲ್ಲಿ ಗಡಿಯಾರ ನೋಡಿ ಆಟ ಇಡುವುದಿಲ್ಲ, ಸಮುದ್ರ ನೋಡಿ ಇಡುತ್ತಾರೆ. ನೀರು ಇಳಿದಾಗ ಮೈದಾನ ಹುಟ್ಟುತ್ತದೆ, ಏರುವಾಗ ಕರಗುತ್ತದೆ. ಪಡುವಣ ಬದಿಯಲ್ಲಿ ಗೆರೆ ಎಳೆಯುವುದೂ ಇಲ್ಲ, ನೀರೇ ಗೆರೆ. ನಮ್ಮಲ್ಲೊಂದು ನಿಯಮವಿದೆ, ನಡೆಯಲು ಕಲಿತ ಮಗುವಿಗೂ ಗೊತ್ತು: ಚೆಂಡಿಗೆ ತೆರೆ ಮುಟ್ಟಿದರೆ ಆಟ ನಿಂತಿತು. ಆಮೇಲೆ ಅದು ಗೋಲಿನೊಳಗೆ ಹೋಗಲಿ, ಗೋವೆಗೇ ಹೋಗಲಿ, ಲೆಕ್ಕಕ್ಕಿಲ್ಲ.

ನಮ್ಮ ಫೈನಲ್ ಮತ್ತು ವಿಶ್ವಕಪ್ ಫೈನಲ್ ಒಂದೇ ಭಾನುವಾರ ಬಂದವು. ಅಂದು ನೀರು ಇಳಿಯುವುದು ಮಧ್ಯಾಹ್ನ, ಆಟ ಎರಡು ಗಂಟೆಗೆ ಎಂದಾಗಿತ್ತು. ಆದರೆ ಕಮಿಟಿಯವರಿಗೆ ಒಂದು ಹುಚ್ಚು ಹಿಡಿಯಿತು. ರಾತ್ರಿ ಗಾಳಿಮರಗಳ ನಡುವೆ ದೊಡ್ಡ ಪರದೆ ಕಟ್ಟಿ ಅರ್ಜೆಂಟೀನಾದ ಆಟ ತೋರಿಸುವುದು, ಎರಡು ಗಂಟೆಗೆ ಆಡಿಸಿದರೆ ಜನ ಮನೆಗೆ ಹೋಗಿ ತಿರುಗಿ ಬರುವುದಿಲ್ಲ, ಆದ್ದರಿಂದ ನಾಲ್ಕೂವರೆಗೆ ಇಡೋಣ ಎಂದರು. ಬಲೆ ಹೆಣೆಯುತ್ತ ಕೂತಿದ್ದ ಒಬ್ಬ ಅಜ್ಜ ತಲೆ ಎತ್ತಿದ.

"ಮಳ್ಳ್ ಹಿಡ್ದದ್ಯೇನಾ ನಿಮ್ಗೆ? ಆರ್ ಗಂಟಿಗೆ ಸಮುದ್ರ ಇಲ್ಲೇ ಬರ್ತದೆ."

ಎಲ್ಲರೂ ನನ್ನ ಮುಖ ನೋಡಿದರು. ಕಾರವಾರದಿಂದ ಬರಬೇಕಿದ್ದ ರೆಫರಿ ಕೈ ಕೊಟ್ಟಿದ್ದ, ಅವನಿಗೂ ಟೀವಿಯ ಚಿಂತೆ. ಸೀಟಿ ನನ್ನ ಕೊರಳಿಗೇ ಬಿದ್ದಿತ್ತು. ಎದುರು ತಂಡ ಕಾರವಾರದವರದು. ಅವರೂ ಒಪ್ಪಿದ್ದರು: "ಅವ್ನೇ ಊದ್ಲಿ, ತಮ್ಮ ಅಂತ ಬಿಡೂ ಜನ ಅಲ್ಲ ಅವ್ನು." ಆ ಮಾತು ಕೇಳಿ ನಾನು ಉಬ್ಬಿ ಹೋಗಿದ್ದೆ, ಸುಳ್ಳೇಕೆ ಹೇಳಲಿ.

"ಒಂದ್ ತಾಸಿನ ಆಟ. ಐದೂವರೆ ಒಳಗೆ ಮುಗೀತದೆ, ಅಡ್ಡಿಲ್ಲ" ಎಂದೆ.

ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದವನು ಆಡುವ ಮಾತೇ ಅದು? ಅತಿಥಿಗಳು ತಡವಾಗಿ ಬಂದರು, ಭಾಷಣ ಮಾಡಿದರು, ಶಾಲು ಹೊದೆಸಿದ್ದಾಯಿತು. ನಾನು ಸೀಟಿ ಊದಿದಾಗ ಐದು ಗಂಟೆ.

ಮೊದಲರ್ಧ ತಮ್ಮನನ್ನು ನೋಡಬೇಕಿತ್ತು. ನಾಲ್ಕು ಸಲ ಚೆಂಡನ್ನು ಗೋಲಿನ ಬಾಯಿಂದ ಕಿತ್ತು ತಂದ. ಗಾಳಿಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಕೋಚ್ ಎದ್ದು ನಿಂತದ್ದನ್ನು ನಾನು ಓರೆಗಣ್ಣಿನಿಂದ ಕಂಡೆ. ನನಗೆ ಹೊಟ್ಟೆಯೊಳಗೆಲ್ಲ ಖುಷಿ, ಮುಖ ಮಾತ್ರ ಕಲ್ಲು. ಗೋಲಿಲ್ಲದೆ ಅರ್ಧ ಆಟ ಮುಗಿಯಿತು.

ಬದಿ ಬದಲಾದಾಗ ತಮ್ಮನಿಗೆ ಬಂದದ್ದು ತೆಂಕಣ ಗೋಲು. ಅಲ್ಲಿ ದಂಡೆ ಇಳಿಜಾರು. ಸಮುದ್ರದ ಕಡೆಯ ಕಂಬದ ಬುಡ ಆಗಲೇ ಒದ್ದೆಯಾಗಿತ್ತು. ಅವನು ಓಡಿ ನನ್ನ ಹತ್ತಿರ ಬಂದ.

"ಅಣ್ಣಾ, ಭರತಿ ಬಂತು, ನೀರು ಏರ್ತದೆ. ಎರಡೂ ಕಡೆ ಕಂಬ ಹತ್ತ್ ಹೆಜ್ಜೆ ಮೇಲೆ ಹಾಕ್ವ. ಐದ್ ನಿಮಿಷದ ಕೆಲ್ಸ."

ಹಾಕಬಹುದಿತ್ತು. ಇಂಥ ಹೊತ್ತಲ್ಲಿ ಯಾವಾಗಲೂ ಹಾಕುತ್ತಿದ್ದೆವು. ಆದರೆ ಕೇಳಿದವನು ನನ್ನ ತಮ್ಮ. ಕಾರವಾರದ ಹುಡುಗರು ನಮ್ಮನ್ನೇ ನೋಡುತ್ತಿದ್ದರು.

"ಅರ್ಧ ಆಟದಲ್ಲಿ ಕಂಬ ಕಿತ್ತರೆ ಜನ ಎಂತ ಹೇಳೂದು? ಹೋಗಾ, ಆಡು" ಎಂದು ಗದರಿದೆ.

ಎರಡನೆಯ ಅರ್ಧ ಹೇಗೆ ಕಳೆಯಿತೋ ನನಗೇ ಗೊತ್ತಿಲ್ಲ. ಪ್ರತಿ ತೆರೆಗೂ ಮೈದಾನ ಒಂದು ಗೇಣು ಸಣ್ಣದಾಗುತ್ತಿತ್ತು. ಸೂರ್ಯ ನೀರಿಗೆ ತಾಗುವಷ್ಟು ಇಳಿದಿದ್ದ. ಜನರೆಲ್ಲ ನಿಂತಿದ್ದು ಮೂಡಣ ಬದಿಗೆ, ಕಣ್ಣಿಗೆ ನೇರ ಬಿಸಿಲು. ಯಾರಿಗೂ ಏನೂ ಕಾಣದೆ ಹಣೆಗೆ ಕೈ ಹಿಡಿದು ಕೂಗುತ್ತಿದ್ದರು. ಗಡಿಯಾರ ನೋಡಿದೆ, ಇನ್ನು ಮೂರು ನಿಮಿಷ. ಮುಗಿದು ಹೋಗಲಪ್ಪ ಎಂದು ಮನಸ್ಸಿನಲ್ಲೇ ಕೈ ಮುಗಿದೆ.

ಆಗಲೇ ಕಾರವಾರದವನೊಬ್ಬ ನೀರಿನ ಅಂಚಿನಿಂದ ಹೊಡೆದ. ಚೆಂಡು ನೆಲಕ್ಕೆ ಅಂಟಿಕೊಂಡೇ ಸಮುದ್ರದ ಕಡೆಯ ಕಂಬದತ್ತ ಬಂತು. ತಮ್ಮ ಉದ್ದಕ್ಕೆ ಬಿದ್ದು ತಡೆದ. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ, ಸೂರ್ಯ ನನ್ನ ಬೆನ್ನಿಗೆ. ಅವನ ಎರಡೂ ಅಂಗೈ ಚೆಂಡಿನ ಮೇಲಿದ್ದವು. ಚೆಂಡು ಗೆರೆಯಿಂದ ಒಂದು ಗೇಣು ಈಚೆ ನಿಂತಿತ್ತು. ಆಮೇಲೆ ಓರೆಯಾಗಿ ತೆರೆ ಬಂತು. ಅವನ ಮುಖದ ಮೇಲೆ ಹಾದು, ಕೈಯಡಿಯಿಂದ ಚೆಂಡನ್ನು ಎತ್ತಿ, ಗೆರೆಯ ಆಚೆ ಇಟ್ಟು ಹಿಂದೆ ಸರಿಯಿತು.

"ಗೋಲ್!" ಎಂದು ಹನ್ನೊಂದು ಜನ ನನ್ನ ಮೇಲೆ ಬಂದರು. ತಮ್ಮ ಉಪ್ಪುನೀರು ಉಗುಳುತ್ತ, ಕಣ್ಣುಜ್ಜುತ್ತ ಎದ್ದ.

"ಅಣ್ಣಾ, ತೆರೆ ಬಂತಲ್ಲ? ತೆರೆ ಮುಟ್ಟಿದ್ದಲ್ದಾ?"

ಅವರಲ್ಲೊಬ್ಬ ಹಿಂದಿನಿಂದ, ದೊಡ್ಡದಾಗಿಯೂ ಅಲ್ಲ, ನಗುತ್ತಲೇ ಅಂದ: "ನೋಡ್ವ ಈಗ, ತಮ್ಮಂಗೆ ಊದ್ತಾನಾ, ಆಟಕ್ಕೆ ಊದ್ತಾನಾ."

ನಾನು ಸೀಟಿ ಊದಿ ಮೈದಾನದ ನಡುವಿಗೆ ಕೈ ತೋರಿಸಿದೆ. ಗೋಲು.

ಸೋತೆವು. ಅಜ್ಜ ಮರಳಿಗೆ ಉಗಿದು ಮನೆಗೆ ಹೋದ. ನಮ್ಮವರು ಸ್ವಲ್ಪ ಹೊತ್ತು ಹಾರಾಡಿದರು, ಆಮೇಲೆ ಒಬ್ಬೊಬ್ಬರೇ ಬಂದು ಬೆನ್ನು ತಟ್ಟಿದರು. "ತಮ್ಮನ್ನೂ ಬಿಡ್ಲಿಲ್ಲ ಮಾರಾಯಾ, ನಿಂಗೆ ಕೈ ಮುಗೀಬೇಕು." ಕೋಚ್ ತಮ್ಮನನ್ನು ಗಾಳಿಮರದ ಆಚೆ ಕರೆದು ಏನೋ ಮಾತಾಡಿದ, ಮೋಟರ್ ಸೈಕಲ್ ಹತ್ತಿ ಹೋದ. ರಾತ್ರಿ ಅದೇ ದಂಡೆಯಲ್ಲಿ ಅರ್ಜೆಂಟೀನಾ ಪೆನಾಲ್ಟಿಯಲ್ಲಿ ಗೆದ್ದಾಗ ಊರಿಗೆ ಊರೇ ಕುಣಿಯಿತು. ಕೀಪರ್ ಚೆಂಡು ತಡೆದಾಗಲೆಲ್ಲ ನಾನು ಪರದೆಯಿಂದ ಮುಖ ತಿರುಗಿಸಿದೆ. ತಮ್ಮ ಅಲ್ಲಿರಲಿಲ್ಲ.

ಮಡಗಾವಿನಿಂದ ಫೋನು ಬರಲಿಲ್ಲ. ತಮ್ಮ ಗೋಲಿನಲ್ಲಿ ನಿಲ್ಲುವುದನ್ನು ಬಿಟ್ಟ. ಅಗಸೂರಿನ ಕಡೆ ಒಂದು ಸಿಮೆಂಟ್ ಅಂಗಡಿಯ ಗಾಡಿ ಓಡಿಸತೊಡಗಿದ. ನನ್ನ ಮೇಲೆ ಅವನಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ, ಅದೇ ನನ್ನನ್ನು ಸುಡುತ್ತಿತ್ತು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಚಾದಂಗಡಿಯಲ್ಲಿ ಯಾರಾದರೂ ಆ ಗೋಲಿನ ಮಾತು ತೆಗೆದರೆ ನನ್ನ ಪರ ವಾದಿಸುತ್ತಿದ್ದವನೂ ಅವನೇ. ನಾನು ಎದುರು ಕೂತು ಚಾ ಕುಡಿಯುತ್ತಿದ್ದೆ.

ಮರುವರ್ಷದ ನವೆಂಬರಿನಲ್ಲಿ ಕಮಿಟಿಯವರು ಮತ್ತೆ ನನ್ನನ್ನೇ ಕರೆದರು. ತಮ್ಮ ನನ್ನ ಸೀಟಿಯನ್ನು ಪೆಟ್ಟಿಗೆಯಿಂದ ತೆಗೆದು, ಬಿಸಿನೀರಲ್ಲಿ ತೊಳೆದು, ಅಂಗಿಯ ತುದಿಯಿಂದ ಒರೆಸಿ ಮುಂದೆ ಹಿಡಿದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ತಮಾ, ಆವತ್ತು ನಂಗೆ ಕಂಡಿತ್ತು. ಚೆಂಡು ನಿನ್ ಕೈಯಲ್ಲೇ ಇತ್ತು. ತೆರೆನೇ ತಕೊಂಡ್ ಹೋದದ್ದು."

ಅವನು ಮೆಟ್ಟಿಲ ಮೇಲೆ ಕೂತ. ತನ್ನ ಅಂಗೈಗಳನ್ನು ತಿರುಗಿಸಿ ನೋಡಿದ.

"ನನ್ ಕಣ್ಣಿಗೆಲ್ಲ ನೀರು ಹೊಕ್ಕಿತ್ತು. ಗೊತ್ತೇ ಆಗ್ಲಿಲ್ಲ ನಂಗೆ" ಎಂದ. "ಕೋಚ್ ಕೇಳ್ದ ಆವತ್ತು. ತೆರೆ ಮುಟ್ಟಿದ್ದಾ, ಕೈ ಜಾರಿದ್ದಾ, ಖರೆ ಹೇಳು, ನೀ ಹೇಳಿದ್ ನಂಬ್ತೆ ಅಂದ."

"ನೀ ಎಂತ ಹೇಳ್ದೆ?"

"ಎಂತ ಹೇಳೂದು ಅಣ್ಣಾ? ನೀನು ಗೋಲ್ ಕೊಟ್ಟಿದ್ಯಲ್ಲ. ನನ್ ಕೈಯೇ ಜಾರಿದ್ದು ಅಂದೆ."