ಪರೀಕ್ಷೆ ಇಲ್ಲದೆ ಪಾಸಾದ ಗೈಡ್

ಇವಳ ಕಾಲಲ್ಲಿ ಚಕ್ರವಿದೆ ಎಂದು ಚಿಕ್ಕಂದಿನಲ್ಲಿ ಅಮ್ಮ ಬೈಯುತ್ತಿದ್ದಳು. ಆ ಬೈಗುಳವೇ ಹೆಸರಾಗಿ ನಿಂತು, ಈಗ ದೋಣಿ ನಿಲ್ಲುವ ಜೆಟ್ಟಿಯ ತುಂಬ ಅವಳು ಚಕ್ರಕ್ಕ. ಅವಳ ಡೈವಿಂಗ್ ಅಂಗಡಿಯಲ್ಲಿ ಅವಳಿಗೆಂದೇ ಒಂದು ಕುರ್ಚಿ ಇದೆ. ಅದರ ಮೇಲೆ ಒದ್ದೆ ಟವೆಲ್ ಒಣಗಿದ್ದನ್ನು ಎಲ್ಲರೂ ಕಂಡಿದ್ದಾರೆ, ಅವಳು ಕೂತದ್ದನ್ನು ಕಂಡವರಿಲ್ಲ.

ಇಂಥವಳು ಹಿಡಿದ ವ್ಯಾಪಾರ ಯಾವುದು ಅಂತೀರಿ? ಅಕ್ಕಿಕಾಳಿನಷ್ಟು, ಉಗುರಿನಷ್ಟು ಇರುವ ಅಪರೂಪದ ಕಡಲಜೀವಿಗಳನ್ನು ಜನರಿಗೆ ತೋರಿಸುವುದು! ಅವು ಕಾಣಬೇಕಾದರೆ ನೀರಿನಡಿ ಅಲುಗಾಡದೆ ತೇಲಿಕೊಂಡು ಕಾಯಬೇಕು. ಚಕ್ರಕ್ಕನಿಗೆ ಇವತ್ತಿನವರೆಗೆ ಒಂದೂ ಕಂಡಿಲ್ಲ. ಗೈಡ್ ಬೆರಳು ಮಾಡಿ ತೋರಿಸುವಷ್ಟರಲ್ಲಿ ಅವಳ ಕಣ್ಣು ಪಕ್ಕದ ಬಂಡೆಗೆ ಹಾರಿರುತ್ತದೆ.

ಆದರೆ ಗೈಡ್‌ಗಳನ್ನು ಆರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಕೆಲಸ ಕೇಳಿಕೊಂಡು ಬಂದವನನ್ನು ಕೊಲ್ಲಿಯ ಮೂಲೆಯ ಬೋಳು ಬಂಡೆಗೆ ಇಳಿಸಿ, "ಏನಾದ್ರೂ ಅಪರೂಪದ್ದು ತೋರ್ಸಪ್ಪ" ಎನ್ನುತ್ತಾಳೆ. ಅಲ್ಲಿ ಏನೂ ಇಲ್ಲವೆಂದು ಹಳೆಯ ಗೈಡ್‌ಗಳೆಲ್ಲ ಹುಡುಕಿ ಹೇಳಿದ್ದಾರೆ. ಒಬ್ಬ, ಗೈಡ್‌ಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಉಕ್ಕಿನ ಕಡ್ಡಿಯಿಂದ ಬಿಲ ಕೆದಕುತ್ತಾನೆ. ಇನ್ನೊಬ್ಬ ಬೇರೆ ಕಡೆಯಿಂದ ಹಿಡಿದು ತಂದು ಇಡುತ್ತಾನೆ. ಮತ್ತೊಬ್ಬ ಮಹಾಶಯ ಪಾಚಿಯ ಚೂರು ತೋರಿಸಿ ಅದಕ್ಕೊಂದು ಹೆಸರನ್ನೂ ಹೇಳಿದ್ದ. ಅವರಿಗೆಲ್ಲ ಚಹಾ ಕುಡಿಸಿ ಕಳಿಸಿಬಿಡುತ್ತಾಳೆ. ಮೇಲೆ ಬಂದು "ಅಲ್ಲೇನೂ ಇಲ್ಲ ಅಕ್ಕ" ಎಂದವನಿಗೆ ಮಾತ್ರ ಕೆಲಸ.

"ಇಲ್ಲ ಅನ್ನೋಕೆ ಬಾಯಿ ಬರಬೇಕು ಕಣ್ರೋ" ಎನ್ನುವುದು ಅವಳ ಮಾತು. "ಅದು ಬರದವನು ಆ ಪಾಪದ ಜೀವಗಳನ್ನ ಸಾಯಿಸಿಬಿಡ್ತಾನೆ."

ಈ ಪರೀಕ್ಷೆ ಇಲ್ಲದೆ ಒಳಗೆ ಬಂದವನು ಒಬ್ಬನೇ, ಅವಳ ತಮ್ಮ. ಒಡಹುಟ್ಟಿದವನಿಗೆ ಎಂಥ ಪರೀಕ್ಷೆ! ಅವನೋ, ಸೇರಿದ ಮೇಲೆ ಒಂದು ದಿನವೂ ಬರಿಗೈಲಿ ಮೇಲೆ ಬಂದವನಲ್ಲ. ಅಕ್ಕನಿಗೆ ಅದೊಂದು ಹೆಮ್ಮೆ. ಕಂಡಕಂಡವರ ಮುಂದೆ ಹೇಳಿಕೊಂಡದ್ದೇ ಹೇಳಿಕೊಂಡದ್ದು.

ಅವತ್ತು ಬೆಳಿಗ್ಗೆ ತಮ್ಮನ ಜೊತೆ ಡೈವಿಂಗ್‌ಗೆ ಹೋಗಿದ್ದ ಹಲ್ಲಿನ ಡಾಕ್ಟರೊಬ್ಬರು ನೀರಿನಿಂದ ಬಂದವರೇ ಮೈ ಒರೆಸಿಕೊಳ್ಳದೆ ಕ್ಯಾಮೆರಾ ಹಿಡಿದು ಅಂಗಡಿಗೆ ನುಗ್ಗಿದರು.

"ಚಕ್ರಕ್ಕ, ನೋಡಿ ಇಲ್ಲಿ! ನಿಮ್ಮ ತಮ್ಮ ಅಂದ್ರೆ ತಮ್ಮ!"

ಪರದೆಯ ಮೇಲೆ ಪುಟಾಣಿ ಕಡಲಕುದುರೆ. ಮೈಯೆಲ್ಲ ಹಳದಿ ಗಂಟು, ಬಾಲ ಸುತ್ತಿಕೊಂಡು ಕೂತಿದೆ. ಸುತ್ತ ಬೀಸಣಿಗೆಯಂತೆ ಹರಡಿಕೊಂಡ ಹವಳ, ಕಡುಗೆಂಪು.

ಚಕ್ರಕ್ಕನ ಎದೆ ಧಸಕ್ಕೆಂದಿತು. ಈ ಜಾತಿಯ ಕುದುರೆ ತಾನು ಹಿಡಿದ ಹವಳದ ಬಣ್ಣವನ್ನೇ ಮೈಗೆ ತಂದುಕೊಳ್ಳುತ್ತದೆ, ಆಮೇಲೆ ಸಾಯುವವರೆಗೂ ಆ ಮನೆ ಬಿಡುವುದಿಲ್ಲ. ಹಳದಿಯದಕ್ಕೆ ಕೆಂಪು ಮನೆಯಲ್ಲಿ ಏನು ಕೆಲಸ?

"ಬಣ್ಣ ಹೇಗೆ ಎದ್ದು ಕಾಣತ್ತೆ ಅಲ್ವಾ?" ಡಾಕ್ಟರು ಹಿಗ್ಗುತ್ತಿದ್ದರು. "ನಾಳೆ ನನ್ನ ಗೆಳೆಯರು ಬರ್ತಾರೆ. ನಮಗೆ ಗೈಡಾಗಿ ನಿಮ್ಮ ತಮ್ಮನೇ ಬೇಕು."

ಅವಳು ಬಾಗಿಲಿಗೆ ಹೋದಳು, ಸಿಲಿಂಡರ್‌ಗಳ ಹತ್ತಿರ ಬಂದಳು, ಮುಚ್ಚಿದ್ದ ಒಂದರ ವಾಲ್ವನ್ನೇ ಮತ್ತೆ ತಿರುಗಿಸಿ ಮುಚ್ಚಿದಳು. ಬೇರೆ ಯಾವನಾದರೂ ಆಗಿದ್ದರೆ ಈ ಹೊತ್ತಿಗೆ ಚಹಾ ಕುಡಿಸಿ ಕಳಿಸಿಯಾಗಿರುತ್ತಿತ್ತು. ತಮ್ಮನನ್ನು ಕಳಿಸುವುದು ಎಲ್ಲಿಗೆ?

ಹಿತ್ತಲ ತೊಟ್ಟಿಯಲ್ಲಿ ಅವನು ಈಜುಡುಪುಗಳನ್ನು ಜಾಲಾಡುತ್ತಿದ್ದ.

"ಲೋ, ಹಳದಿ ಕುದುರೆನ ಎತ್ತಿ ಕೆಂಪಿನ ಮೇಲೆ ಇಟ್ಟಿದ್ದು ನೀನೇನಾ?"

"ಯಾವ ಕುದುರೆ?"

"ನನ್ನ ಹತ್ರ ನಾಟಕ ಆಡ್ಬೇಡ."

ಅವನ ಕೈ ನಿಂತಿತು. "ಫೋಟೋ ತೆಗೆದಾದ ಮೇಲೆ ವಾಪಸ್ ಅದರ ಹಳದಿ ಹವಳದ ಮೇಲೇ ಬಿಟ್ಟೆ ಅಕ್ಕ. ಏನೂ ಆಗಿಲ್ಲ ಅದಕ್ಕೆ."

"ಯಾಕೋ ಇಂಥ ಕೆಲಸ ಮಾಡ್ದೆ?"

"ಯಾಕಾ? ನಾನು ದೋಣಿ ಏಣಿಗೆ ಕೈ ಹಾಕೋ ಮೊದ್ಲೇ 'ಸಿಕ್ತಾ? ಸಿಕ್ತಾ?' ಅಂತ ಬಗ್ಗಿ ಕೇಳ್ತೀಯ. ಬೇರೆಯವರು ಇಲ್ಲ ಅಂದ್ರೆ ಶಹಬ್ಬಾಸ್. ನಾನು ಇಲ್ಲ ಅಂದ್ರೆ ನಿನ್ನ ಮುಖ ಇಳಿದುಹೋಗತ್ತೆ. ಅದನ್ನ ನೋಡೋಕೆ ನನ್ನ ಕೈಲಾಗಲ್ಲ."

ಅವಳ ಪಿತ್ತ ನೆತ್ತಿಗೇರಿತು. ಏರಿದ್ದು ಹಾಗೇ ಇಳಿಯಿತು, ಯಾಕೆಂದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

"ನಡಿ" ಎಂದಳು. "ಬಿಟ್ಟ ಜಾಗ ಈಗಲೇ ತೋರ್ಸು."

ದೋಣಿಯವನನ್ನು ಮೇಲೆ ಬಿಟ್ಟು ಇಬ್ಬರೂ ಇಳಿದರು. ಹಳದಿ ಹವಳ ಸಿಕ್ಕಿತು. ಚಕ್ರಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಗಂಟುಗಂಟಾದ ಹಳದಿ ಕೊಂಬೆಗಳು, ಅಷ್ಟೇ. ಕುದುರೆ ಇಲ್ಲವೋ, ಇದ್ದೂ ತನಗೆ ಕಾಣದೋ, ದೇವರೇ ಬಲ್ಲ. ಹೇಳಬಲ್ಲವನು ತಮ್ಮ ಒಬ್ಬನೇ.

ಆಗ ಅವಳಿಗೆ ದಿಗಿಲಾಯಿತು. ಇವನು ಈಗ ಯಾವುದಾದರೂ ಒಂದು ಗಂಟಿಗೆ ಬೆರಳು ತೋರಿಸಿದರೆ ಸಾಕು, ತಾನು ನಂಬಬೇಕು. ನಂಬುವ ಆಸೆಯೂ ಇತ್ತು. ತೋರಿಸಿಬಿಡೋ, ಮನೆಗೆ ಹೋಗೋಣ ಎಂದು ಮನಸ್ಸು ಅಂಗಲಾಚುತ್ತಿತ್ತು. ತೋರಿಸಬೇಡ ಎಂದೂ ಅದೇ ಮನಸ್ಸು ಕೂಗುತ್ತಿತ್ತು.

ಅವನು ಒಂದೊಂದೇ ಕೊಂಬೆ ನೋಡಿದ. ಹಿಂಬದಿಗೆ ಹೋಗಿ ನೋಡಿದ. ಕೆಂಪು ಹವಳದ ತನಕ ಹೋಗಿ ಹುಡುಕಿ ಬಂದ. ಅಷ್ಟು ಹೊತ್ತೂ ಚಕ್ರಕ್ಕ ಇದ್ದಲ್ಲೇ ಇದ್ದಳು, ಕಾಲು ಕೂಡ ಆಡಿಸಲಿಲ್ಲ. ಕೊನೆಗೆ ಅವನು ಎದುರಿಗೆ ಬಂದು, ಅವಳ ಕಣ್ಣಲ್ಲಿ ಕಣ್ಣಿಟ್ಟು, ಅಂಗೈ ಬಿಡಿಸಿ ಅಡ್ಡಡ್ಡ ಆಡಿಸಿದ.

ಇಲ್ಲ.

ದೋಣಿ ಹತ್ತಿದ ಮೇಲೆ ಅವಳು ಬಗ್ಗಿ ನೀರನ್ನೇ ನೋಡಿದಳು. ಬಡಪಾಯಿ ಜೀವ ಎಲ್ಲಿ ಕೊಚ್ಚಿಕೊಂಡು ಹೋಯಿತೋ ಎಂದು ಕರುಳು ಹಿಂಡುತ್ತಿತ್ತು. ಅದರ ನಡುವೆಯೇ, ಇವನು ಸುಳ್ಳು ಹೇಳಲಿಲ್ಲವಲ್ಲ ಎಂದು ಜೀವಕ್ಕೆ ಹಾಯೆನಿಸಿ, ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಬೈದಾದ್ರೂ ಬಿಡೇ" ಎಂದ ತಮ್ಮ. ಅವನ ಕಣ್ಣು ಕೆಂಪಾಗಿತ್ತು. "ನಾಳೆ ಡಾಕ್ಟ್ರ ಗೆಳೆಯರ ಜೊತೆ ಯಾರನ್ನ ಕಳಿಸ್ತೀಯ?"

"ನಿನ್ನನ್ನೇ."

ಅವನು ತಲೆಯೆತ್ತಿದ.

"ಆ ಹಳದಿ ಹವಳಕ್ಕೇ ಕರ್ಕೊಂಡು ಹೋಗು. ಖಾಲಿ ಮನೆ ತೋರ್ಸು. ಮೇಲೆ ಬಂದ ಮೇಲೆ, ಅದು ಯಾಕೆ ಖಾಲಿ ಅಂತ ನಿನ್ನ ಬಾಯಲ್ಲೇ ಹೇಳು."

"ಎಲ್ಲರ ಎದುರಿಗಾ?"

"ಎಲ್ಲರ ಎದುರಿಗೇ. ನಾನು ನಿನ್ನ ಪಕ್ಕದಲ್ಲೇ ಕೂತಿರ್ತೀನಿ. ಎಲ್ಲೂ ಎದ್ದು ಹೋಗಲ್ಲ."

ಅವನು ಕುದುರೆಯನ್ನು ಹವಳದಿಂದ ಬಿಡಿಸಿದ್ದ ಉಕ್ಕಿನ ಕಡ್ಡಿಯನ್ನು ಸೊಂಟದಿಂದ ಬಿಚ್ಚಿ ಅಕ್ಕನ ಕೈಗೆ ಕೊಟ್ಟ.