ಗೇರ್ ಬಾಕ್ಸಿನ ಮೇಲೆ ಅಪವಾದ

ನನ್ನ ಹೆಂಡತಿ ನನ್ನ ಕಾರು ಹತ್ತುವುದನ್ನು ಬಿಟ್ಟು ತುರುವೇಕೆರೆಯ ಅಕ್ಕನ ಮನೆಗೆ ಬಸ್ಸಿನಲ್ಲಿ ಹೋಗತೊಡಗಿದಾಗ, ತಪ್ಪು ಗೇರ್ ಬಾಕ್ಸಿನದು ಎಂದು ನಾನು ತೀರ್ಮಾನಿಸಿದೆ. ಕಾರು ಹಂಪ್ ಸಿಕ್ಕಿದಲ್ಲೆಲ್ಲ ನಿಂತುಹೋಗುತ್ತಿತ್ತು. ಗೇರ್ ಬದಲಿಸಿದರೆ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತಿತ್ತು. ಆ ಕುಲುಕಾಟದಲ್ಲಿ ಯಾರು ತಾನೇ ಕೂತಾರು? ಕೇಳಿದರೆ "ಬಸ್ಸೇ ಆರಾಮ ಕಣ್ರೀ" ಎಂದಷ್ಟೇ ಹೇಳಿ ಬ್ಯಾಗು ಹಿಡಿದು ಹೊರಟುಬಿಡುತ್ತಿದ್ದಳು.

ಅವಳು ಪಕ್ಕದಲ್ಲಿಲ್ಲದೆ ಓಡಿಸುವುದು ನನಗೆ ಬಲು ಬೇಸರ. ಇದನ್ನು ಅವಳಿಗೇ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನನ್ನಂಥವನಿಗೆ ಹೆಂಡತಿಯ ಹತ್ತಿರ ಮಾತಾಡುವುದಕ್ಕಿಂತ ಮೆಕ್ಯಾನಿಕ್ ಹತ್ತಿರ ಮಾತಾಡುವುದು ಸಲೀಸು. ಮ್ಯಾನ್ಯುಯಲ್ ಗೇರ್ ತೆಗೆಸಿ ಆಟೋಮ್ಯಾಟಿಕ್ ಹಾಕಿಸಿದರೆ ಕುಲುಕಾಟ ನಿಲ್ಲುತ್ತದೆ, ಅವಳು ಎಡಗಡೆ ಸೀಟಿಗೆ ವಾಪಸು ಬರುತ್ತಾಳೆ ಎಂದುಕೊಂಡು ತಿಪಟೂರಿನ ಗ್ಯಾರೇಜಿಗೆ ಹೋದೆ.

ನನ್ನ ಡ್ರೈವಿಂಗಿನಲ್ಲೇ ತಪ್ಪಿರಬಹುದೆಂಬ ಯೋಚನೆ ಹತ್ತಿರವೂ ಸುಳಿಯಲಿಲ್ಲ. ನಾನು ಕಿವಿಯಿಂದ ಗೇರ್ ಹಾಕುವವನು. "ಯಾವಾಗ ಯಾವ ಗೇರ್ ಬೇಕು ಅಂತ ಇಂಜಿನ್ನೇ ಹೇಳ್ತದೆ ಕಣ್ರಪ್ಪಾ, ಕೇಳಿಸ್ಕಳಕ್ಕೆ ಕಿವಿ ಬೇಕು" ಎಂದು ಮದುವೆಮನೆ ಊಟದ ಪಂಕ್ತಿಯಲ್ಲೂ ಉಪದೇಶ ಮಾಡಿದವನು. ಕೊಬ್ಬರಿಯ ವಿಷಯದಲ್ಲೂ ಅಷ್ಟೆ. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಬೇಕು. ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಎಂದರೆ ಸುಲಿಯಬಹುದು, ಸದ್ದಿಲ್ಲದಿದ್ದರೆ ಇನ್ನೂ ಕಾಯಬೇಕು. ಪಕ್ಕದ ತೋಟದವರು ಕೂಡ ಕಾಯಿ ತಂದು ನನ್ನ ಕೈಗೆ ಕೊಟ್ಟು ತೀರ್ಪು ಕೇಳುತ್ತಿದ್ದರು.

ಮೆಕ್ಯಾನಿಕ್ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದ. ಅದು ಎಲ್ಲೂ ನಿಲ್ಲಲಿಲ್ಲ, ಜಗ್ಗಲಿಲ್ಲ. ಮನೆಯಲ್ಲಿ ಮೇವು ಮುಟ್ಟದ ಹಸು ಡಾಕ್ಟರು ಬಂದ ಕೂಡಲೇ ಗಬಗಬ ತಿನ್ನುವ ಹಾಗೆ ಇದೂ ಒಂದು ನಾಟಕ ಎಂದುಕೊಂಡೆ.

"ಬಾಕ್ಸ್ ಚೆನ್ನಾಗೈತಲ್ಲ ಯಜಮಾನ್ರೇ" ಎಂದ.

"ನಿಂಗೆ ಗೊತ್ತಾಗಲ್ಲ ಬುಡು. ಆಟೋಮ್ಯಾಟಿಕ್ ಹಾಕು."

"ಬಾಕ್ಸ್ ಒಂದ್ ಹಾಕಿದ್ರೆ ಆಗಲ್ಲ ಕಣ್ರೀ. ಕಂಪ್ಯೂಟರು, ವೈರಿಂಗು, ಪೆಡಲ್ಲು, ಎಲ್ಲಾ ಬಿಚ್ಚಿ ಬ್ಯಾರೆ ಹಾಕ್ಬೇಕು. ಆಮ್ಯಾಕೆ ಆರ್‌ಟಿಓ ಆಫೀಸಿಗೂ ಓಡಾಡ್ಬೇಕು. ಇದ್ನ ಮಾರ್ಬುಟ್ಟು ಆಟೋಮ್ಯಾಟಿಕ್ ಗಾಡೀನೇ ತಗಳಿ."

ಮಾರುವ ಮಾತು ನನಗೆ ಹಿಡಿಸಲಿಲ್ಲ. ಅವಳು ಇಷ್ಟು ವರ್ಷ ಕೂತು ಪಳಗಿದ ಸೀಟು ಅದು. ಹಠ ಹಿಡಿದೆ. ಕೊನೆಗೆ ಅವನು, ಶೆಟ್ಟಿಕೆರೆ ಹತ್ತಿರ ಮರಕ್ಕೆ ಗುದ್ದಿದ ಇಂಥದೇ ಆಟೋಮ್ಯಾಟಿಕ್ ಕಾರೊಂದು ಗುಜರಿಗೆ ಬಂದಿದೆ, ಅದರದನ್ನೆಲ್ಲ ಬಿಚ್ಚಿ ಇದಕ್ಕೆ ಕೂರಿಸೋಣ, ಸೋಮವಾರ ಗಾಡಿ ತಂದು ಬಿಡಿ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ಅಷ್ಟಕ್ಕೇ ಸುಮ್ಮನಾದಳು, ನಾನು ನೆಲವನ್ನೇ ಅಗೆಸಲು ಹೊರಟಿದ್ದೆ.

ಭಾನುವಾರ ಅಟ್ಟದ ಕಾಯಿ ಇಳಿಸುವುದಿತ್ತು. ನಾನು ಮೇಲೆ ಹತ್ತಿ ಒಂದು ಕಾಯಿ ಅಲ್ಲಾಡಿಸಿದೆ. ಸದ್ದಿಲ್ಲ. ಇನ್ನೊಂದು, ಮತ್ತೊಂದು. ಯಾವುದರಲ್ಲೂ ಸದ್ದಿಲ್ಲ.

"ಒಂದೂ ಒಣಗಿಲ್ಲ ಕಣೇ! ಕೆಳಗೆ ಹೊಗೆ ಹಾಕಿದ್ಯೋ ಇಲ್ವೋ?" ಎಂದು ರೇಗಿದೆ.

ಅವಳು ಏಣಿ ಹತ್ತಿ ಬಂದು ನನ್ನ ಕೈಯಲ್ಲಿದ್ದ ಕಾಯಿಯನ್ನೇ ಕಿತ್ತುಕೊಂಡು ಅಲ್ಲಾಡಿಸಿದಳು. ನನ್ನ ಮುಖ ನೋಡಿದಳು. ಆಮೇಲೆ ನನ್ನ ಬೆನ್ನ ಹಿಂದಕ್ಕೆ ಹೋದಳು. ಏನು ಮಾಡುತ್ತಿದ್ದಾಳೆಂದು ತಿರುಗಿದರೆ, ನನ್ನ ಎಡಗಿವಿಯ ಪಕ್ಕದಲ್ಲೇ ಕಾಯಿ ಹಿಡಿದು ಶಕ್ತಿಮೀರಿ ಅಲ್ಲಾಡಿಸುತ್ತಿದ್ದಳು.

"ಇದು ಕೇಳಿಸ್ತಾನೇ ಇಲ್ವಾ?" ಎಂದಳು. ಅವಳು ಹಾಗೆಂದದ್ದು ನನಗೆ ಗೊತ್ತಾದದ್ದು ತುಟಿ ನೋಡಿ. ಎಷ್ಟೋ ದಿನದಿಂದ ಎಲ್ಲರ ತುಟಿ ನೋಡಿಯೇ ಕಾಲ ಹಾಕುತ್ತಿದ್ದೇನೆಂಬುದೂ ಆಗಲೇ ಹೊಳೆದದ್ದು. ಕಾರು ಓಡಿಸುವಾಗ ರಸ್ತೆ ನೋಡಬೇಕಲ್ಲ!

ಅವಳು ಕಾಯಿರಾಶಿಯ ಮೇಲೆ ಕೂತಳು.

"ಕಾರಲ್ಲಿ ನಾನ್ ಏನೇಳಿದ್ರೂ ನೀವು ಉತ್ರನೇ ಕೊಡ್ತಿರ್ಲಿಲ್ಲ. ನನ್ ಮ್ಯಾಲೆ ಬ್ಯಾಸ್ರ ಬಂದೈತೆ ಅನ್ಕಂಡು ಮಾತೇ ಬುಟ್ಟೆ. ಸುಮ್ನೆ ಕೂರಕ್ಕಾಗ್ದೆ ಬಸ್ಸಿಗೆ ಹೋಗ್ತಿದ್ದೆ ಕಣ್ರೀ."

ಆಗ ನಾನು ಏನೆಂದುಕೊಂಡಿದ್ದೆ ಎಂಬುದನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ಕಾರಿನಲ್ಲಿ ಅವಳ ಮಾತು ನಿಂತಿದ್ದು ಕಂಡು, ಅಂತೂ ನನ್ನ ಸಹವಾಸದಿಂದ ಇವಳಿಗೂ ಗಾಂಭೀರ್ಯ ಬಂತು ಎಂದು ಒಳಗೊಳಗೇ ಹಿಗ್ಗಿದ್ದೆ. ಅಟ್ಟದ ಮೇಲೆ ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಂಕಟವಾಯಿತು.

ಸೋಮವಾರ ಗ್ಯಾರೇಜಿಗೆ ಹೋಗಬೇಕಾದವನು ಕಿವಿ ಡಾಕ್ಟರ ಹತ್ತಿರ ಹೋದೆ. ಎರಡೂ ಕಿವಿ ಮಂದ, ಎಡಗಿವಿ ಇನ್ನೂ ಹೆಚ್ಚು ಎಂದರು. ಕಿವಿಗೆ ಮೆಷಿನ್ ಹಾಕಿಕೊಂಡು ಕಾರು ಹೊರಡಿಸಿದಾಗ ಗಾಬರಿಯಾಯಿತು. ಪಾಪದ ಇಂಜಿನ್ ಮೊದಲನೇ ಗೇರಿನಲ್ಲಿ ಆ ಪಾಟಿ ಅರಚಿಕೊಳ್ಳುತ್ತಿದ್ದರೂ ಎಷ್ಟು ದಿನ ಹಾಗೇ ಎಳೆದಾಡಿದ್ದೆನೋ! ಹಂಪಿನ ಹತ್ತಿರ ಗೇರ್ ಇಳಿಸು ಎಂದು ಅದು ಗೊರಗುಟ್ಟಿದ್ದೂ ನನಗೆ ಕೇಳಿಸಿರಲಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿ, ಬಾಕ್ಸ್ ಸರಿಹೋಯ್ತು ಕಣಪ್ಪ, ತಾನಾಗೇ ಸರಿಹೋಯ್ತು ಎಂದೆ. ಅವನು ನಗಲಿಲ್ಲ, ಅದು ಅವನ ದೊಡ್ಡತನ.

ಮುಂದಿನ ಸಲ ತುರುವೇಕೆರೆಗೆ ಹೊರಟಾಗ ಅವಳು ನಾನು ಕರೆಯುವ ಮೊದಲೇ ಎಡಗಡೆ ಬಾಗಿಲು ತೆಗೆದು ಕೂತಳು. ಊರು ದಾಟಿದ ಮೇಲೆ, ಹಳ್ಳಿ ರಸ್ತೆ ಬಂದು ಸೇರುವ ಒಂದು ಗೇಟಿನಲ್ಲಿ ಬಜ್ಜಿ ಅಂಗಡಿ ಕಾಣಿಸಿತು.

"ಇಲ್ಲಿ ವಸಿ ನಿಲ್ಸ್ರೀ, ಬಜ್ಜಿ ತಿನ್ನಾಣ" ಎಂದಳು.

"ನಿಂಗೆ ಇಲ್ಲಿನ ಬಜ್ಜಿ ಅಂದ್ರೆ ಆಸೆ ಅಂತ ಯಾವತ್ತೂ ಹೇಳೇ ಇಲ್ವಲ್ಲೇ?"

ಅವಳು ಕಿಟಕಿಯ ಕಡೆಗೆ ನೋಡುತ್ತಿದ್ದಳು. ತುಟಿ ನನಗೆ ಕಾಣಿಸುತ್ತಿರಲಿಲ್ಲ.

"ಪ್ರತೀ ಸಲಾನೂ ಹೇಳ್ತಿದ್ದೆ" ಎಂದಳು.

ನಾನು ಕ್ಲಚ್ ಒತ್ತುವುದನ್ನು ಮರೆತು ಬ್ರೇಕ್ ಒತ್ತಿದೆ. ಕಾರು ಜಗ್ಗಿ, ಅಂಗಡಿಯ ಮುಂದೆಯೇ ನಿಂತುಹೋಯಿತು.